ಎರಡನೇ ಚರಣದ ನಂತರದ ನಗಾರಿ

ವಾಡಿ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಸುಜಯಣ್ಣನಿಗೆ ತಂಗಿ ಶ್ರೀವಾಣಿಯ ನಮಸ್ಕಾರಗಳು.

ಹೇಗಿದ್ದೀಯ? ಚಿಂಚೋಳಿ ಕಡೆ ನಮಗಿಂತ ಚಳಿ ಹೆಚ್ಚಂತೆ. ಸಣ್ಣವನಿದ್ದಾಗ ಚಳಿ ಶುರುವಾಯಿತೆಂದರೆ ನಿನ್ನ ಗಂಟಲು ಕಟ್ಟುತ್ತಿತ್ತು. ಅವ್ವ ಮೆಣಸು ಅರೆದು ತುಪ್ಪದಲ್ಲಿ ಕಲಸಿ ನೆಕ್ಕಿಸುತ್ತಿದ್ದಳು, ನೀನು ಓಡಿ ಹೋಗಿ ಬಾವಿಕಟ್ಟೆಯ ಹಿಂದೆ ಕೂರುತ್ತಿದ್ದೆ. ಈಗ ಯಾರು ನೆಕ್ಕಿಸುತ್ತಾರೋ ನನಗೆ ತಿಳಿಯದು. ನಿನಗೆ ಹೆಂಡತಿ, ಮಕ್ಕಳು ಇದ್ದಾರೆಯೋ ಎಂಬುದೂ ತಿಳಿಯದು. ಇದ್ದರೆ, ಹೆಸರು ಗೊತ್ತಿಲ್ಲದ ಆ ಅತ್ತಿಗೆಗೂ ಮಕ್ಕಳಿಗೂ ಮೊದಲು ನನ್ನ ಪ್ರೀತಿ ತಿಳಿಸು, ಆಮೇಲೆ ಮುಂದೆ ಓದು.

ನಾವು ಕ್ಷೇಮ. ನನ್ನ ಗಂಡ, ನೀನಿನ್ನೂ ನೋಡದ ನಿನ್ನ ಭಾವ ಪ್ರಾಣೇಶ, ರೈಲ್ವೆಯಲ್ಲಿದ್ದಾರೆ. ನಾನು ಚಿತ್ತಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಹೋಗಿ ಸಂಜೆ ಮರಳುತ್ತೇನೆ. ಸೀಟು ಸಿಕ್ಕರೆ ಪದ್ಯ ಓದುತ್ತೇನೆ, ಸಿಗದಿದ್ದರೆ ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತೇನೆ. ಅಪ್ಪ ನನ್ನ ಹತ್ತಿರವೇ ಇದ್ದಾರೆ. ಭಂಕೂರದ ಮನೆ ಬಾಡಿಗೆಗೆ ಕೊಟ್ಟು ಬಂದರು. ಗಟ್ಟಿಯಾಗಿದ್ದಾರೆ, ಆದರೆ ಕಿವಿ ಮಂದವಾಗಿದೆ. ಊಟಕ್ಕೆ ಕರೆದರೆ ಕೇಳುವುದಿಲ್ಲ. ಅವರ ಕಾಫಿಗೆ ಸಕ್ಕರೆ ಕಡಿಮೆ ಹಾಕೆಂದು ನಾನು ಪಿಸುಗುಟ್ಟಿದರೆ ಕೇಳುತ್ತದೆ.

ನಿನ್ನ ವಿಳಾಸ ಸಿಕ್ಕಿದ್ದು ಹೇಗೆಂದು ಆಶ್ಚರ್ಯಪಡುತ್ತಿರಬಹುದು. ನೀನು ಹೊಸದಾಗಿ ಸೇರಿದ ಆ ವಾಟ್ಸಪ್ ಗುಂಪಿನಲ್ಲಿ ನಾನೂ ಇದ್ದೇನೆ ಅಣ್ಣ. ಗುಂಪು ಕಟ್ಟಿದ ಮಾಣಿಕಪ್ಪನವರು ನಮ್ಮ ವಾಡಿಯವರೇ, ಭಾವನ ಜೊತೆ ಕೆಲಸದಲ್ಲಿದ್ದು ನಿವೃತ್ತರಾದವರು. ಹಳೆಯ ಸಿನಿಮಾ ಹಾಡುಗಳ ಹುಚ್ಚಿರುವ ಶಹಾಬಾದ, ಸೇಡಂ, ಚಿತ್ತಾಪುರ, ಚಿಂಚೋಳಿಯ ಮಂದಿಯನ್ನೆಲ್ಲ ಒಂದೆಡೆ ಸೇರಿಸಿ, ಭಾನುವಾರಕ್ಕೊಮ್ಮೆ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಳ್ಳುವ ಆಟ ಹಚ್ಚಿದ್ದಾರೆ. ಪ್ರಶ್ನೆಯೂ ದನಿಯಲ್ಲಿ, ಉತ್ತರವೂ ದನಿಯಲ್ಲಿ. ಟೈಪು ಮಾಡಿದರೆ ಫೋನಿನಲ್ಲಿ ಹುಡುಕಿ ಬರೆದರೆಂದು ಅನುಮಾನ. ನಾನು ಅಡುಗೆ ಮಾಡುತ್ತ ಸ್ಪೀಕರಿಗೆ ಹಾಕಿ ಕೇಳುತ್ತೇನೆ. ಅಪ್ಪ ಪಡಸಾಲೆಯಲ್ಲಿ ಪೇಪರು ಹಿಡಿದುಕೊಂಡು ಏನೂ ಕೇಳದವರಂತೆ ಕೂತಿರುತ್ತಾರೆ. ಗುಂಪಿನಲ್ಲಿ ನನ್ನ ಹೆಸರು ಬರೀ ‘ಟೀಚರ್, ವಾಡಿ’. ಕಳೆದ ತಿಂಗಳು ಒಂದು ಹಾಡಿನ ರಾಗ ತಪ್ಪು ಹೇಳಿದ್ದಕ್ಕೆ ಶಹಾಬಾದಿನ ಬಟ್ಟೆ ಅಂಗಡಿಯ ನೂರಜಹಾನ್ ಆಪಾ, “ಟೀಚರಮ್ಮಾ, ನೀವು ಪದ್ಯಾನೇ ಓದ್ಕೋತ ಕುಂದ್ರಿ, ಹಾಡು ನಮಗ ಬಿಡ್ರಿ” ಎಂದು ಮಾನ ತೆಗೆದಿದ್ದರು.

ಹೋದ ಭಾನುವಾರ ಪ್ರಶ್ನೆ ಹಾಕುವ ಸರದಿ ಆಪಾ ಅವರದ್ದೇ ಆಗಿತ್ತು. ನಮ್ಮ ಆ ಬೆಳದಿಂಗಳ ಹಾಡನ್ನೇ ಆರಿಸಿಕೊಂಡರು. ಯಾವುದೆಂದು ನಿನಗೆ ಹೇಳಬೇಕಾಗಿಲ್ಲ. ಎರಡನೇ ಚರಣ ಮುಗಿದು ಮೂರನೆಯದು ಶುರುವಾಗುವುದರೊಳಗೆ ಯಾವ ವಾದ್ಯ ಬರುತ್ತದೆ ಎಂಬುದು ಪ್ರಶ್ನೆ. ಒಬ್ಬರು ಸಿತಾರ್ ಎಂದರು, ಇನ್ನೊಬ್ಬರು ಕೊಳಲು ಎಂದರು. ಆಗ ‘ಲಕ್ಷ್ಮೀ ಸೌಂಡ್ಸ್’ ಎಂಬ ಹೊಸ ಸದಸ್ಯರ ಉತ್ತರ ಬಂತು, ಟೈಪು ಮಾಡಿದ್ದು. ಅದನ್ನು ಮಾಣಿಕಪ್ಪನವರು ಎಲ್ಲರಿಗೂ ಓದಿ ಹೇಳಿದರು: “‘ಕೊಳಲು. ಅದಕ್ಕಿಂತ ಮುಂಚೆ ಒಂದು ನಗಾರಿ. ಒಂದೇ ಏಟು.’ ಹಿಂಗ ಬರದಾರ ನೋಡ್ರಪಾ. ರೀ ಸೌಂಡ್ಸ್‌ನೋರ, ಬರೀಬ್ಯಾಡ್ರಿ, ದನಿ ಹಾಕ್ರಿ!” ಗುಂಪಿನಲ್ಲಿ ನಗೆಯೋ ನಗೆ. ನಿನ್ನನ್ನು ಸೇರಿಸಿದ ಕೊಡ್ಲಿಯ ಖಂಡೆಪ್ಪನವರಂತೂ, “ಅಣ್ಣಾರ, ಆ ಹಾಡಿನ್ಯಾಗ ನಗಾರಿ ಎಲ್ಲೀದರಿ? ನಿಮ್ಮ ಮನ್ಯಾಗ ಬೆಕ್ಕು ಪಾತೇಲಿ ಕೆಡವಿರಬೇಕು” ಎಂದರು. ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು, ಒಲೆಯ ಮೇಲೆ ಚಪಾತಿ ಇತ್ತು. ಚಪಾತಿ ಸೀದು ಹೊಗೆಯೆದ್ದರೂ ನಾನು ಕೂತಲ್ಲಿಂದ ಏಳಲಿಲ್ಲ. ಆ ನಗಾರಿ ಕೇಳಿದ ಕಿವಿಗಳು ಈ ಲೋಕದಲ್ಲಿ ಎಷ್ಟಿದ್ದಾವು ಅಣ್ಣ?

ನಿನಗೆ ಆ ಮಧ್ಯಾಹ್ನ ನೆನಪಿದೆ ತಾನೆ? ನೀನು ಐದನೆಯ ಇಯತ್ತೆ, ನಾನು ಎರಡನೆಯದು. ನಮ್ಮದು ಬೆಳಗಿನ ಶಾಲೆ; ಅಪ್ಪ ಮಾಸ್ತರಿಕೆಗೆಂದು ತಮ್ಮ ಶಾಲೆಗೆ ಹೋದ ಮೇಲೆ ಅವ್ವ ರೇಡಿಯೋದ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ನಮ್ಮಿಬ್ಬರ ಬಾಯಿಗೂ ಒಂದೊಂದು ಬೆಲ್ಲದ ತುಂಡು ತುರುಕಿ, ರೆಕಾರ್ಡ್ ಮಾಡುವ ಎರಡೂ ಗುಂಡಿ ಒಟ್ಟಿಗೆ ಒತ್ತುತ್ತಿದ್ದಳು. ಬೆಲ್ಲ ಕರಗುವ ತನಕ ನಾವು ಮಾತಾಡುವುದಿಲ್ಲವೆಂದು ಅವಳ ಲೆಕ್ಕ. ಸಿನಿಮಾ ಹಾಡು ಅಪ್ಪನಿಗೆ ಆಗುತ್ತಿರಲಿಲ್ಲವಲ್ಲ, ಅದಕ್ಕೇ ಆ ಕದ್ದ ಹೊತ್ತಿಗೆ ಅಷ್ಟು ರುಚಿ. ಅವತ್ತು ಬೆಳದಿಂಗಳ ಹಾಡು ಬಂತು. ಎರಡನೇ ಚರಣ ಮುಗಿಯುತ್ತಿದ್ದಂತೆ ನೆಲವೇ ನಡುಗಿದಂತಾಯಿತು. ಹಾಡು ಮುಗಿದ ಮೇಲೆ ನೀನು ಟೇಪು ಹಿಂದಕ್ಕೆ ಸುತ್ತಿ ಕೇಳಿದೆ. ಕೊಳಲಿಗಿಂತ ಮುಂಚೆ ‘ಧಮ್’ ಎಂದಿತು. ಕೆಟ್ಟುಹೋಯಿತೆಂದು ನೀನು ನೆಲಕ್ಕೆ ಬಿದ್ದು ಅತ್ತೆ. ಅವ್ವ ನಿನ್ನನ್ನು ಎಬ್ಬಿಸಿ, “ಅಯ್ಯ ಖೋಡಿ, ಅದು ಹಾಡಿನ್ಯಾಗಿನ ನಗಾರಿ. ಕೇಳು, ಎಷ್ಟ್ ಛಂದ ಹೊಡದಾರ!” ಎಂದಳು. ನಾವು ನಂಬಿದೆವು. ಆಮೇಲೆ ಹಾಡು ಹಚ್ಚಿದಾಗಲೆಲ್ಲ ನೀನು ಹಾಡುವುದು, ಆ ಜಾಗ ಬಂದಾಗ ನಾನು ಹಿಟ್ಟಿನ ಡಬ್ಬಿಗೆ ಒಂದೇ ಏಟು ಹೊಡೆಯುವುದು. ನನ್ನ ಏಟು ತಡವಾದರೆ ನೀನು ಮತ್ತೆ ಮೊದಲಿಂದ ಹಾಡಿಸುತ್ತಿದ್ದೆ.

ಅದು ನಗಾರಿಯಲ್ಲವೆಂದು ನನಗೆ ಗೊತ್ತಾದದ್ದು ನೀನು ಮನೆ ಬಿಟ್ಟು ಹೋದ ಮೇಲೆ, ಕಲಬುರಗಿಯಲ್ಲಿ ಎಂ.ಎ. ಓದುವಾಗ. ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿ ಯಾರೋ ಆ ಹಾಡು ಹಚ್ಚಿದ್ದರು. ಎರಡನೇ ಚರಣ ಮುಗಿಯಿತು, ನನ್ನ ಕೈ ತಾನಾಗಿಯೇ ಎದ್ದಿತು, ಏಟು ಬರಲಿಲ್ಲ. ಕೊಳಲು ಸುಮ್ಮನೆ, ಯಾರನ್ನೂ ಕೇಳದೆ ಶುರುವಾಯಿತು. ಓಡಿಹೋಗಿ ಆ ಹುಡುಗಿಗೆ, ‘ನಿನ್ನ ಕ್ಯಾಸೆಟ್ಟು ಹಾಳಾಗಿದೆ’ ಎಂದೆ. ಅವಳು ಇನ್ನೊಂದು ಸಲ ಹಚ್ಚಿದಳು. ಆಗ ಹೊಳೆಯಿತು: ನಡುಮಧ್ಯಾಹ್ನಕ್ಕೆ ಭಂಕೂರದ ಕಲ್ಲಿನ ಗಣಿಯಲ್ಲಿ ಮದ್ದು ಹಾರಿಸುತ್ತಿದ್ದರಲ್ಲ, ಅದರ ಸದ್ದು. ನಮ್ಮೂರಿನ ಬಂಡೆ ಒಡೆದದ್ದನ್ನು ನಾವು ಇಷ್ಟು ವರ್ಷ ಹಾಡಿನೊಳಗೆ ಇಟ್ಟುಕೊಂಡಿದ್ದೆವು. ಎಷ್ಟೋ ಒಳ್ಳೆಯ ಪದ್ಯಗಳನ್ನು ಓದಿದ್ದೇನೆ, ಕಲಿಸಿದ್ದೇನೆ. ಆದರೆ ಆ ಏಟಿಲ್ಲದ ಹಾಡು ಇವತ್ತಿಗೂ ನನಗೆ ಪೂರ್ತಿಯಾದ ಹಾಡೆನಿಸುವುದಿಲ್ಲ.

ಹೋದ ಭಾನುವಾರ ನಿನ್ನ ಉತ್ತರ ಕೇಳಿದ ಮರುದಿನವೇ ಖಂಡೆಪ್ಪನವರಿಗೆ ಫೋನು ಮಾಡಿದೆ. “ಚಿಂಚೋಳಿ ಬಸ್ ಸ್ಟ್ಯಾಂಡ್ ಹಿಂದ ಮೈಕ್‌ಸೆಟ್ ಅಂಗಡಿ ಅದರಿ ಅಕ್ಕಾರ. ಶಹಾಬಾದ ಕಡಿಯೋರಂತ. ಭಾಳ ಛಲೋ ಮನಿಷ್ಯಾ. ಮಂದಿ ಮದುವಿಗೆಲ್ಲಾ ಹಾಡು ಹಚ್ತಾರ, ತಾವು ಮಾತ್ರ ಒಂದು ಗುನುಗಂಗಿಲ್ಲ” ಎಂದರು. ಅಂಗಡಿಯ ಹೆಸರು ದೇವಿಯದೆಂದುಕೊಂಡಿದ್ದೆ. ನಮ್ಮ ಅವ್ವನ ಹೆಸರೆಂದು ಆಗ ಅರ್ಥವಾಯಿತು. ಇನ್ನೊಂದು ಮಾತನ್ನೂ ಹೇಳಿದರು: “ನಾ ನಕ್ಕಿದ್ದು ಮನಸಿಗಿ ಹತ್ಯಾದ ಕಾಣ್ತದರಿ. ಗುಂಪು ಬಿಡ್ತೀನಿ ಅನ್ಲಿಕತ್ತಾರ.”

ಬಿಡಬೇಡ ಅಣ್ಣ. ಫೋನು ಮಾಡದೆ ಕಾಗದ ಬರೆಯುತ್ತಿರುವುದೂ ಅದಕ್ಕೇ. ಫೋನನ್ನು ನೀನು ಕಟ್ ಮಾಡಬಹುದು.

ಹಾಡದ ಮನುಷ್ಯನೆಂದು ಖಂಡೆಪ್ಪನವರು ನಿನ್ನ ಬಗ್ಗೆ ಹೇಳಿದಾಗ ನನಗೆ ಅವ್ವ ತೀರಿಕೊಂಡ ಮರುವರ್ಷದ ಆ ಬೆಳಿಗ್ಗೆ ಕಣ್ಣಿಗೆ ಕಟ್ಟಿತು. ನೀನು ಸೇಡಂನಲ್ಲಿ ಮೊದಲ ಸಲ ಆರ್ಕೆಸ್ಟ್ರಾದಲ್ಲಿ ಹಾಡಿ ಬಂದಿದ್ದೆ. ಕೊರಳಲ್ಲಿ ಇನ್ನೂ ಮಾಲೆ ಇತ್ತು. ಅಪ್ಪ ಪೂಜೆಗೆ ಕೂತಿದ್ದವರು ಎದ್ದು ಬಂದು, “ಹಾಡೋದಾದ್ರ ಹಾಡಕೋತ ಹೋಗು. ಇನ್ನ ನಿನ್ನ ದನಿ ಈ ಮನ್ಯಾಗ ಕೇಳಬಾರದು” ಎಂದರು. ನೀನು ಮಾಲೆ ತೆಗೆದು ತುಳಸಿಕಟ್ಟೆಯ ಮೇಲಿಟ್ಟು ಹೊರಟೆ. ಅಪ್ಪನ ಮಾತನ್ನು ನೀನು ಒಂದೂ ಕೇಳಿದವನಲ್ಲ, ಅದೊಂದನ್ನು ಮಾತ್ರ ಇಷ್ಟು ವರ್ಷ ನಡೆಸಿಕೊಂಡು ಬಂದೆ. ಆಮೇಲೆ ಹಾಸ್ಟೆಲಿಗೆ ನಿನ್ನ ಕಾರ್ಡುಗಳು ಬರುತ್ತಿದ್ದವು. ಒಮ್ಮೆ ಬೀದರಿನ ಮುದ್ರೆ, ಒಮ್ಮೆ ಸೊಲ್ಲಾಪುರದ್ದು. ಪ್ರತಿಯೊಂದರಲ್ಲೂ ಒಂದು ಹಾಡಿನ ಪ್ರಶ್ನೆ, ಅಷ್ಟೇ. ವಿಳಾಸವಿಲ್ಲ, ಉತ್ತರ ಬರೆಯಲು ನನಗೆ ದಾರಿಯಿಲ್ಲ. ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ಉತ್ತರಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಬರಬರುತ್ತ ಕಾರ್ಡೂ ನಿಂತವು. ಈಗ ಭಾನುವಾರ ಯಾರಾದರೂ ಪ್ರಶ್ನೆ ಕೇಳಿದಾಗ, ಉತ್ತರ ಕಳಿಸಲು ಒಂದು ಜಾಗವಿದೆಯಲ್ಲ ಎಂಬುದೇ ನನಗೆ ದೊಡ್ಡ ಸುಖ.

ಈಗ ನನ್ನದೊಂದು ಪ್ರಶ್ನೆ. ಮೈಕ್‌ಸೆಟ್ ಇಟ್ಟುಕೊಂಡ ನೀನು ಆ ಹಾಡನ್ನು ಎಷ್ಟೆಷ್ಟು ಮದುವೆಗಳಲ್ಲಿ ಹಚ್ಚಿರಬೇಕು! ಅದರಲ್ಲಿ ನಗಾರಿ ಇಲ್ಲವೆಂದು ನಿನಗೆ ಗೊತ್ತಿಲ್ಲದೆ ಇರಲಾರದು. ಗೊತ್ತಿದ್ದೂ ತಪ್ಪು ಉತ್ತರ ಬರೆದೆಯಾ? ಆ ತಪ್ಪನ್ನು ಗುರುತಿಸುವವರು ಗುಂಪಿನಲ್ಲಿ ಯಾರಾದರೂ ಇರಬಹುದೇ ಎಂದು ನೋಡಿದೆಯಾ? ಹಾಗಿದ್ದರೆ, ಗುರುತಿಸಿದ್ದೇನೆ ಅಣ್ಣ. ಹಿಟ್ಟಿನ ಡಬ್ಬಿ ಬಾರಿಸುತ್ತಿದ್ದವಳೇ ‘ಟೀಚರ್, ವಾಡಿ’.

ಅಪ್ಪನ ಮುಂದೆ ನಿನ್ನ ಸುದ್ದಿ ಎತ್ತಿಲ್ಲ. ಎತ್ತಿದರೆ ಏನಾಗುತ್ತದೋ ಎಂಬ ಹೆದರಿಕೆ ಈ ವಯಸ್ಸಿನಲ್ಲೂ ಹೋಗಿಲ್ಲ. ಗಂಟಲಿಗೆ ಮಫ್ಲರ್ ಸುತ್ತಿಕೋ. ಭಾವ ನಿನ್ನನ್ನು ಕೇಳಿದರೆಂದು ತಿಳಿ. ಅವ್ವನ ಹೆಸರಿನ ಅಂಗಡಿ ಚೆನ್ನಾಗಿ ನಡೆಯಲಿ, ಅದರ ಬಾಗಿಲಲ್ಲಿ ನಿನಗೆ ಈ ಕಾಗದ ಸಿಗಲಿ.

ನಿನ್ನ ತಂಗಿ,
ಶ್ರೀವಾಣಿ

ತಾ.ಕ. ಲಕೋಟೆಗೆ ವಿಳಾಸ ಬರೆಯುತ್ತಿದ್ದೆ, ಅಪ್ಪ ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ. ನಿನ್ನ ಹೆಸರು ಓದಿದರು. “ಅದು ನಗಾರಿ ಅಲ್ಲಂತ ಅವಗ ಗೊತ್ತದ ಏನು?” ಎಂದರು. ಟೇಪು ಮಾಡಿದ ಆ ದಿನ ಸಂಜೆಯೇ ಅವ್ವ ಅವರಿಗೆ ಎಲ್ಲ ಹೇಳಿದ್ದಳಂತೆ ಅಣ್ಣ, “ಕೂಸು ಅಳ್ಳಿಕತ್ತಿತ್ತು, ನಗಾರಿ ಅಂತ ಹೇಳೀನಿ, ನೀವು ಬಾಯಿ ಬಿಡಬ್ಯಾಡ್ರಿ” ಎಂದು. ಅಪ್ಪ ಇವತ್ತಿನ ತನಕ ಬಿಟ್ಟಿರಲಿಲ್ಲ. ಹೋದ ಭಾನುವಾರ ಪೇಪರಿನ ಹಿಂದೆ ಕೂತು, ಮಾಣಿಕಪ್ಪನವರು ಓದಿದ್ದನ್ನು ಕೇಳಿದಾಗಲೇ ಅವರಿಗೂ ನೀನೆಂದು ಗೊತ್ತಾಗಿದೆ. ವಾರವಿಡೀ ನನಗೆ ಹೇಳದೆ ಇದ್ದರು, ನಾನು ಅವರಿಗೆ ಹೇಳದೆ ಇದ್ದೆ. ಈಗ ನನ್ನ ಫೋನು ಇಸಿದುಕೊಂಡು ಗುಂಪಿಗೆ ತಾವೇ ಒಂದು ಪ್ರಶ್ನೆ ಹಾಕಿದ್ದಾರೆ: “ಎರಡನೇ ಚರಣ ಆದಮ್ಯಾಲೆ ನಗಾರಿ ಹೊಡದೋರು ಯಾವ ಊರಿನೋರು? ಉತ್ತರ ದನೀಲೇ ಹೇಳಬೇಕು. ಬರದದ್ದು ನಡ್ಯಂಗಿಲ್ಲ.” ಇದೆಂಥ ಪ್ರಶ್ನೆಯೆಂದು ಮಾಣಿಕಪ್ಪನವರು ತಲೆ ಕೆರೆದುಕೊಳ್ಳುತ್ತಿದ್ದಾರೆ. ಉಳಿದವರು ಯಾರೂ ಉತ್ತರಿಸಬೇಡಿರೆಂದು ನಾನು ಅವರ ಕೈಯಲ್ಲಿದ್ದ ಫೋನಿಗೇ ಬಾಗಿ, ಕೈಮುಗಿದು ಕೇಳಿಕೊಂಡಿದ್ದೇನೆ. ಫೋನು ನನಗೆ ಮರಳಿ ಕೊಟ್ಟಿಲ್ಲ. ಆವಾಜು ಪೂರಾ ಏರಿಸಿಕೊಂಡು, ಪೇಪರು ಮಡಚಿಟ್ಟು, ಪಡಸಾಲೆಯಲ್ಲಿ ಕೂತಿದ್ದಾರೆ.