ಎರಡರ ಸದ್ದೂ ಸಮ ಮಾಡಿಕೊಂಡ ಮೇಲೆ

ಮೈಸೂರು
ಫೆಬ್ರವರಿ ೩೧, ೨೨೪೬

ಪೂಜ್ಯ ನಾಗಭೂಷಣ ತಾತನವರಿಗೆ, ಸೌಗಂಧಿಯ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ ಕೊಟ್ಟಿದ್ದಾರೆ, ಯಾರು ಕೇಳಿದ್ದರೋ ಗೊತ್ತಿಲ್ಲ. ನಿಮಗೀಗ ನಲವತ್ತಾರು, ನನಗೆ ಎಪ್ಪತ್ತೊಂದು, ಆದರೂ ನೀವೇ ತಾತ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಒಂದು ಮನೆಗೆ ಒಂದೇ ಸಲ ಸಿಗುತ್ತದೆ. ದೀಪ ಹಚ್ಚುವ ಹೊತ್ತಿಗೆ ಅದರ ಬಾಗಿಲು ಹಾಕುತ್ತಾರೆ. ನನಗೆ ಭಯವಾಗಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೂ ಓದಿಕೊಳ್ಳಿ.

ಬರುವ ಭಾನುವಾರ ನೀವು ನಡುಮನೆಯಲ್ಲಿ ಹಾಡು ಕೇಳಿಸುವ ಎರಡು ಡ್ಯಾಕ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂರುತ್ತೀರಿ. ಒಂದು, ಕೇಳಿ ನೋಡಲೆಂದು ಅಂಗಡಿಯಿಂದ ತಂದ ದೊಡ್ಡದು. ಇನ್ನೊಂದು, ಮನೆಯಲ್ಲೇ ಇರುವ ಚಿಕ್ಕ ಕರಿ ಪೆಟ್ಟಿಗೆ. ಒಂದೇ ಹಾಡನ್ನು ಎರಡರಲ್ಲೂ ಹಾಕಿ, ಯಾವುದು ಚೆನ್ನ ಎಂದು ನಿಮ್ಮ ಹೆಂಡತಿ ಚಂಪಕಾ ಅಜ್ಜಿಯ ಪ್ರಾಣ ತಿನ್ನುತ್ತೀರಿ. ಅದೆಲ್ಲ ನಿಮ್ಮ ಫೋನಿನಲ್ಲಿ ರೆಕಾರ್ಡ್ ಆಗುತ್ತದೆ. ಆ ರೆಕಾರ್ಡಿಂಗೂ ಆ ಕರಿ ಪೆಟ್ಟಿಗೆಯೂ ತಲೆಮಾರು ದಾಟಿ ನನ್ನ ಕೈಗೆ ಬಂದಿವೆ.

ನಿಮ್ಮ ಡ್ಯಾಕ್ ಅಂಕಿಗಳನ್ನು ಸದ್ದಾಗಿಸಿ ಸುಮ್ಮನಾಗುತ್ತದೆ. ನಮ್ಮಲ್ಲಿ ಆ ಕೆಲಸ ತುಂಬುಗ ಎಂಬ ಪೆಟ್ಟಿಗೆಯದು. ಅದಕ್ಕೆ ಅಷ್ಟು ಸಾಲದು. ಬಿಟ್ಟುಹೋದದ್ದನ್ನು ತಾನೇ ಊಹಿಸಿ ತುಂಬುತ್ತದೆ, ಒರಟಾದದ್ದನ್ನು ನಯ ಮಾಡುತ್ತದೆ. ಹಾಡುವವರು ಕೆಮ್ಮುವುದಿಲ್ಲ, ಸುದ್ದಿ ಓದುವವರು ಎಡವುವುದಿಲ್ಲ. ಪಕ್ಕದ ಬೀದಿಯಿಂದ ತಂಗಿ ಫೋನ್ ಮಾಡಿದರೂ ನೆಗಡಿ ಇಲ್ಲದ ತಂಗಿಯೇ ಮಾತಾಡುತ್ತಾಳೆ. ನನ್ನ ಮೊಮ್ಮಗಳು ಧರಿತ್ರಿಗೆ ಹತ್ತೊಂಬತ್ತು ವರ್ಷ, ಮಾತಿನಲ್ಲಿ ಉಗ್ಗು. ಲೋಕದಲ್ಲಿ ಬೇರೆ ಯಾರೂ ಉಗ್ಗುವುದು ಅವಳ ಕಿವಿಗೆ ಬಿದ್ದಿಲ್ಲ. ತಾನೊಬ್ಬಳೇ ಹೀಗೆ ಎಂದುಕೊಂಡು ಒಂದು ವರ್ಷದಿಂದ ಬಾಯಿ ಮುಚ್ಚಿದ್ದಾಳೆ. ನಾಳೆ ಬೆಳಿಗ್ಗೆ ಅವಳಿಗೆ ಕಂಠನಯ, ಅಂದರೆ ಗಂಟಲೊಳಗೆ ಸಣ್ಣ ತುಂಬುಗ ಕೂರಿಸುವ ಆಪರೇಷನ್. ಒಮ್ಮೆ ಕೂರಿಸಿದರೆ ತೆಗೆಯಲು ಬರುವುದಿಲ್ಲ. ಅವಳ ದನಿ ಮತ್ತೆ ನನಗೆ ಸಿಗುವುದಿಲ್ಲ. ಬೇಡ ಎಂದು ಬೇಡಿಕೊಂಡೆ. ತಲೆ ಅಲ್ಲಾಡಿಸಿಬಿಟ್ಟಳು.

ಇದರ ನಡುವೆ ಇವತ್ತೇ ಕರಿ ಪೆಟ್ಟಿಗೆಯ ವಿಚಾರಣೆಯೂ ಬಂತು. ತಾಮ್ರದ ಅಭಾವದಿಂದ ಮನೆಗೊಂದೇ ಪೆಟ್ಟಿಗೆ ಎಂಬ ಕಾನೂನಿದೆ. ಇನ್ನೊಂದು ಕರಗಿಸಲು ಹೋಗಬೇಕು. ಯಾವುದು ಉಳಿಯಬೇಕೆಂದು ಕೇಳ್ಮನೆ ಎಂಬ ನ್ಯಾಯಮಂಡಳಿಯ ಐವರು ಕೇಳಿ ನೋಡಿ ತೀರ್ಮಾನಿಸುತ್ತಾರೆ. ಧರಿತ್ರಿ ನನ್ನ ಜೊತೆ ಬಂದು ಬಾಗಿಲ ಪಕ್ಕ ಕೂತಳು. ನಾನು ನಿಮ್ಮ ಭಾನುವಾರದ ರೆಕಾರ್ಡಿಂಗನ್ನೇ ಕೊಟ್ಟೆ. ತುಂಬುಗದಲ್ಲಿ ಅಜ್ಜಿಯ ಮಾತು ಎಣ್ಣೆ ಸುರಿದಂತೆ ಬಂತು, ಐವರೂ ತಲೆದೂಗಿದರು. ಕರಿ ಪೆಟ್ಟಿಗೆಯಲ್ಲಿ ಸದ್ದು ಸಣ್ಣದು, ಅದರಲ್ಲೂ ಅಜ್ಜಿಯ ಮಾತು ತಡೆತಡೆದು ಬಂತು. ಪೆಟ್ಟಿಗೆ ಕೆಟ್ಟಿದೆ, ಕರಗಿಸಿ ಎಂದರು. ನನಗೂ ಹಾಗೇ ಅನಿಸಿತ್ತು.

ಆಗ ಅದರೊಳಗಿಂದ ನಿಮ್ಮ ದನಿ ಬಂತು. "ಮೊದ್ಲು ಎರಡರ ಸೌಂಡೂ ಸಮ ಮಾಡ್ಕೊಳ್ಳೋಣ ಕಣೆ. ಜೋರಾಗಿರೋದೇ ಚೆನ್ನಾಗಿದೆ ಅನ್ಸಿಬಿಡುತ್ತೆ."

ನಾನು ಎದ್ದು ನಿಂತು, ತಾತ ಹೇಳಿದಂತೆ ಸದ್ದು ಸಮ ಮಾಡಿ ಇನ್ನೊಮ್ಮೆ ಕೇಳಿ ಎಂದೆ. ಗೊಣಗಿಕೊಂಡೇ ತುಂಬುಗದ ಸದ್ದು ಇಳಿಸಿದರು, ಕರಿ ಪೆಟ್ಟಿಗೆಯದನ್ನು ಏರಿಸಿದರು. ಈ ಸಲ ತಡೆಯ ಮಧ್ಯೆ ಅಜ್ಜಿ ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳಿಸಿತು. ಕೆಟ್ಟ ಪೆಟ್ಟಿಗೆ ಉಸಿರಾಡುವುದಿಲ್ಲ.

"ಚಿ... ಚಿ... ಚಿಕ್ಕದೇ ಇರ್ಲಿ. ಅದ್ರಲ್ಲಿ ಹಾಡೋರು ಉ... ಉಸಿರು ತಗೊಳ್ಳೋದು ಕೇಳ್ಸುತ್ತೆ. ನಾನ್ ಹೇ... ಹೇಳೋದ್ ಏನಂದ್ರೆ..."

ಅಷ್ಟರಲ್ಲಿ ನೀವು ಸರಿ ಸರಿ ಎಂದು ಫೋನ್ ಆಫ್ ಮಾಡಿದ್ದೀರಿ. ನಿಮ್ಮ ಮೇಲೆ ಕೋಪ ಬಂತು, ಈಗಲೂ ಇದೆ. ಐವರೂ ತೀರ್ಪು ನಾಳೆಗೆ ಎಂದು ಎದ್ದುಹೋದರು.

ಧರಿತ್ರಿ ಮಾತ್ರ ಬಂದು ಪೆಟ್ಟಿಗೆಯ ಪಕ್ಕ ಕೂತಳು. ಒಂದು ವರ್ಷದ ಮೇಲೆ ಬಾಯಿ ತೆರೆದಳು. "ಆ... ಆ... ಆಮೇಲೆ ಏನಂದ್ರು?"

ರೆಕಾರ್ಡಿಂಗ್ ಅಲ್ಲಿಗೇ ನಿಂತಿದೆ. ಅವಳಿನ್ನೂ ಆಪರೇಷನ್ ಬೇಡ ಎಂದಿಲ್ಲ. ಬೆಳಗಾದರೆ ಆಸ್ಪತ್ರೆಯ ಗಾಡಿ ಬಾಗಿಲಿಗೆ ಬರುತ್ತದೆ.

ತಾತ, ಯಾವ ಡ್ಯಾಕ್ ಬೇಕಾದರೂ ಕೊಂಡುಕೊಳ್ಳಿ, ಆ ಚಿಕ್ಕದನ್ನು ಎಸೆಯಬೇಡಿ. ಭಾನುವಾರ ಅಜ್ಜಿ ಹಾಗೆ ಮಾತು ತೆಗೆದಾಗ ದಯವಿಟ್ಟು ಫೋನ್ ಮುಟ್ಟಬೇಡಿ. ಎಷ್ಟು ಹೊತ್ತಾದರೂ ಆಗಲಿ, ಅವರು ಹೇಳಿ ಮುಗಿಸಲಿ. ಇಲ್ಲಿ ಒಬ್ಬಳು ಕೇಳಲು ಕೂತಿದ್ದಾಳೆ.

ನಿಮ್ಮ ವಂಶದವಳೇ ಆದ,
ಸೌಗಂಧಿ