ಯಾರದೋ ರಕ್ತದ ರಿಪೋರ್ಟು

ಆಸ್ಪತ್ರೆಯ ಕ್ವಾರ್ಟರ್ಸ್, ಮೂರನೇ ಮಹಡಿ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೊಂಡನಿಗೆ ಅಕ್ಕನ ಆಶೀರ್ವಾದಗಳು.

ತೊಡೆ ಹೇಗಿದೆ? ಹೊಲಿಗೆ ಹಾಕಿದ ಜಾಗ ಒಣಗಿದೆಯೇ? ಹಡಗಿನ ಮೆಟ್ಟಿಲು ಹತ್ತುವಾಗ ಸೆಳೆಯುತ್ತದೆಯೇ? "ಎಲ್ಲಾ ಆರಾಮ್ ಅಕ್ಕಾ" ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬೇಡ. ನಿನ್ನ ಆರಾಮು ನನಗೆ ಗೊತ್ತಿಲ್ಲದ್ದೇ? ಶಾಲೆಯಲ್ಲಿ ಕೈ ಮುರಿದುಕೊಂಡು ಬಂದು ಎಡಗೈಯಲ್ಲಿ ಊಟ ಮಾಡಿದ ದಿನವೂ ನೀನು ಆರಾಮಾಗಿಯೇ ಇದ್ದೆ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನೆಯಿಂದ ನನಗೆ ಭಯವಾಗುತ್ತಿದೆ ಕಣೋ. ನಿನ್ನ ಹಡಗಿನ ಫೋನಿನಲ್ಲಿ ಮಾತು ಅರ್ಧ ಕೇಳಿಸಿದರೆ ಅರ್ಧ ಗಾಳಿಪಾಲು, ಪಕ್ಕದಲ್ಲಿ ಹತ್ತು ಕಿವಿ ಬೇರೆ. ನಿನ್ನ ಜೊತೆಗಾರ ಗಡ್ಡದವನು ರಜೆ ಮುಗಿಸಿ ಈ ಸಂಜೆ ಹೊರಡುತ್ತಾನಲ್ಲ, ಅವನ ಕೈಯಲ್ಲೇ ಈ ಕಾಗದ ಕೊಡುತ್ತೇನೆ.

ನಿನ್ನ ರಕ್ತದ ರಿಪೋರ್ಟು ಬಂದ ದಿನ ಇಲ್ಲಿ ನಿನ್ನವಳ ಸಂಭ್ರಮ ನೋಡಬೇಕಿತ್ತು. ಪಾಪ, ಬಸುರಿಯಾದ ಮೊದಲ ಪರೀಕ್ಷೆಯಲ್ಲೇ ಅವಳ ರಕ್ತದಲ್ಲಿ ಥಲಸ್ಸೇಮಿಯಾದ ಅಂಶವಿದೆ ಎಂದು ಗೊತ್ತಾದಾಗಿನಿಂದ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಸ್ವಂತದವಳೆಂದು ಅವಳ ಕೇಸನ್ನು ನಾನು ನೋಡುವ ಹಾಗಿಲ್ಲ, ನಮ್ಮ ದೊಡ್ಡ ಸಿಸ್ಟರ್ ನೋಡುತ್ತಾರೆ. ಆದರೂ ಮನೆಯಲ್ಲಿ ಅವಳಿಗೆ ಗುಂಡಿ ಹಿಡಿದು ಪಾಠ ಹೇಳಿದವಳು ನಾನೇ. ಕ್ಲಿನಿಕ್ಕಿಗೆ ಬರುವ ಗಂಡ ಹೆಂಡಿರಿಗೂ ಹಾಗೆಯೇ ಹೇಳುತ್ತೇನೆ. ಒಬ್ಬೊಬ್ಬರ ಹತ್ತಿರ ಎರಡೆರಡು ಅಂಗಿಗುಂಡಿ, ಮಗುವಿಗೆ ಅಪ್ಪನದೊಂದು, ಅಮ್ಮನದೊಂದು. ಒಬ್ಬರಲ್ಲಿ ಮಾತ್ರ ಒಂದು ಒಡೆದ ಗುಂಡಿ ಇದ್ದರೆ ಹೆದರಬೇಕಾಗಿಲ್ಲ. ಇಬ್ಬರಲ್ಲೂ ಇದ್ದು, ಮಗುವಿಗೆ ಎರಡೂ ಒಡೆದವೇ ಸಿಕ್ಕರೆ ಕಷ್ಟ, ಅದಕ್ಕೆ ಜೀವಮಾನವಿಡೀ ತಿಂಗಳು ತಿಂಗಳೂ ರಕ್ತ ಹಾಕಿಸುತ್ತಿರಬೇಕು. ಅಂತಹ ದಂಪತಿಗೆ ನಾಲ್ಕರಲ್ಲಿ ಒಂದು ಪಾಲು ಆ ಅಪಾಯ ಪ್ರತಿ ಬಸಿರಿಗೂ ಇರುತ್ತದೆ. ನನ್ನಲ್ಲಿ ಒಡೆದ ಗುಂಡಿ ಇದೆ ಎಂದು ತರಬೇತಿಯಲ್ಲೇ ಗೊತ್ತಾಗಿತ್ತು. ಅಪ್ಪನದೋ ಅಮ್ಮನದೋ, ಅದು ನಿನ್ನಲ್ಲೂ ಇರಬಹುದೆಂಬ ಅಂಜಿಕೆ ನನಗೆ ಇದ್ದೇ ಇತ್ತು. ಹಾಗಾಗಿ ನೀನು ಬಂದರಿನಲ್ಲಿ ಪರೀಕ್ಷೆ ಮಾಡಿಸಿ ಕಳಿಸಿದ ಕಾಗದದಲ್ಲಿ ಎಲ್ಲಾ ಸರಿಯಿದೆ ಎಂದು ಓದಿದಾಗ ನಾನೂ ಅವಳನ್ನು ತಬ್ಬಿಕೊಂಡು ಅತ್ತೆ. ಮರುದಿನವೇ ಅವಳು ಹಳದಿ ಉಲ್ಲನ್ ಹಿಡಿದು ಕೂತಳು. ಅವಳು ಹೆಣೆಯುತ್ತಿರುವ ಟೊಪ್ಪಿಗೆ ಮಗುವಿನ ತಲೆಗಿಂತ ನಿನ್ನ ತಲೆಗೇ ಸರಿಹೋದೀತು.

ನಿನ್ನೆ ಕ್ಲಿನಿಕ್ಕಿಗೆ ಒಬ್ಬ ಬಸ್ ಡ್ರೈವರ್ ಬಂದಿದ್ದ, ಹೆಂಡತಿಯ ಜೊತೆ. ಎಲ್ಲರನ್ನೂ ಕೇಳುವ ಹಾಗೆ ಅವನನ್ನೂ ಕೇಳಿದೆ: "ಈಚೆಗೆ ನಾಲ್ಕು ತಿಂಗಳಲ್ಲಿ ರಕ್ತ ಏನಾದ್ರೂ ಹಾಕಿಸ್ಕೊಂಡಿದೀರಾ?" ಅವನು ನಕ್ಕ. "ನಮ್ದೇ ಬೇಕಾದಷ್ಟಿದೆ ಸಿಸ್ಟರ್" ಎಂದ. ಆಗ ನಿನ್ನ ನೆನಪಾಯಿತು. ಹಡಗಿನ ಹಗ್ಗ ಹರಿದು ಬಡಿದು ನಿನ್ನ ತೊಡೆ ಸೀಳಿ ಇನ್ನೂ ಎರಡು ತಿಂಗಳಾಗಿಲ್ಲ, ನೀನು ಪರೀಕ್ಷೆ ಮಾಡಿಸಿದ್ದು ಅದಾದ ಮೇಲೆ. "ಬಾಟಲಿಗಟ್ಟಲೆ ಹಾಕಿದ್ರು ಅಕ್ಕಾ, ಈಗ ನಾನು ಅರ್ಧ ಪರದೇಶದವನು" ಎಂದು ನೀನೇ ತಮಾಷೆಯಾಗಿ ಬರೆದಿದ್ದೆ. ಹಾಗೆ ಹಾಕಿದ ರಕ್ತ ಮೂರು ನಾಲ್ಕು ತಿಂಗಳು ಮೈಯಲ್ಲಿ ಸುತ್ತುತ್ತಿರುತ್ತದೆ. ಆಗ ಪರೀಕ್ಷೆ ಮಾಡಿದರೆ ನಿನ್ನದರ ಜೊತೆ ಕೊಟ್ಟವರ ರಕ್ತವೂ ಸೇರಿ ಉತ್ತರ ಹೇಳುತ್ತದೆ. ಬಂದರಿನ ಆಸ್ಪತ್ರೆಯವರೂ ಈ ಪ್ರಶ್ನೆ ಕೇಳಿರುತ್ತಾರೆ. ಕಾಗದ ನಿನ್ನವಳ ಕೈಗೆ ಹೋಗುತ್ತದೆಂದು ನೀನು ಇಲ್ಲ ಎಂದಿರುತ್ತೀಯ. ಊರನ್ನೆಲ್ಲ ಕೇಳುವ ಪ್ರಶ್ನೆ ನಮ್ಮ ಮನೆಯವನ ವಿಷಯದಲ್ಲಿ ನನಗೂ ಹೊಳೆಯಲಿಲ್ಲ, ಖುಷಿ ಕಣ್ಣಿಗೆ ಪರದೆ ಕಟ್ಟಿತ್ತು.

ನನಗೆ ಯಾಕಿಷ್ಟು ಭಯ ಅಂತ ಕೇಳು. ನಮ್ಮ ಕ್ಲಿನಿಕ್ಕಿನ ಎದುರಿಗೇ ಮಕ್ಕಳಿಗೆ ರಕ್ತ ಹಾಕುವ ಕೋಣೆ ಇದೆ. ಅಲ್ಲಿಗೆ ತಿಂಗಳು ತಿಂಗಳೂ ಬರುವ ಒಂದು ಹುಡುಗಿ, ಐದು ವರ್ಷದ ವಾಚಾಳಿ, ಯಾವ ಕೈಯಲ್ಲಿ ನರ ಸಿಗುತ್ತದೆಂದು ತಾನೇ ತೋರಿಸುತ್ತಾಳೆ. ಇಷ್ಟು ವರ್ಷ ಅವಳನ್ನು ಮಾತಾಡಿಸಿ, ಕೆನ್ನೆ ಹಿಂಡಿ ಮುಂದೆ ಹೋಗುತ್ತಿದ್ದೆ. ನಿನ್ನೆ ಆ ಬಾಗಿಲಲ್ಲೇ ನಿಂತುಬಿಟ್ಟೆ. ಅವಳ ಮುಖದಲ್ಲಿ ನಿನ್ನ ಮೂಗು ಕಂಡಿತು ಕಣೋ.

ಗಾಯದ ಸುದ್ದಿ ಹೆಂಡತಿಗೆ ಹೇಳಬೇಡ, ಬಸುರಿ ಹೆದರುತ್ತಾಳೆ ಎಂದು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದೀಯ. ಈಗ ಅದು ಬಿಸಿತುಪ್ಪವಾಗಿದೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳದಿದ್ದರೆ ಅವಳು ಯಾರದೋ ರಕ್ತವನ್ನು ನಂಬಿ ಟೊಪ್ಪಿಗೆ ಹೆಣೆಯುತ್ತಿರುತ್ತಾಳೆ. ಹೇಳಿದರೆ ಹೊಟ್ಟೆಗೆ ಸೂಜಿ ಹಾಕಿ ಮಗುವಿನದನ್ನೇ ಪರೀಕ್ಷೆ ಮಾಡಿಸುವ ಮಾತು ಬರುತ್ತದೆ. ಅದರಿಂದ ಬಸಿರು ನಿಲ್ಲದೆ ಹೋಗುವ ಸಂಭವ ಕಡಿಮೆಯೇ, ಆದರೆ ಹಿಂದೊಮ್ಮೆ ಕಳೆದುಕೊಂಡವಳಿಗೆ ಕಡಿಮೆ ಎಂಬ ಮಾತು ನಾನು ಯಾವ ಬಾಯಲ್ಲಿ ಹೇಳಲಿ? ಮಾಡಿಸುವುದೋ ಬಿಡುವುದೋ ಅವಳ ಇಷ್ಟ. ಆದರೆ ನಿಜ ತಿಳಿಯದೆ ಅವಳು ಏನೆಂದು ತೀರ್ಮಾನಿಸಬೇಕು? ಹೇಳು ಅಕ್ಕಾ ಎಂದು ಒಂದು ಮಾತು ಕಳಿಸು. ಮುಂದಿನ ಬಂದರಿನಲ್ಲಿ ಇಳಿದು, ರಕ್ತ ಹಾಕಿಸಿಕೊಂಡದ್ದನ್ನು ಬಾಯಿಬಿಟ್ಟು ಹೇಳಿ, ನಿನ್ನ ಜೀನ್ ಪರೀಕ್ಷೆ ಮಾಡಿಸು, ಅದಕ್ಕೆ ಬೇರೆಯವರ ರಕ್ತ ಅಷ್ಟಾಗಿ ಅಡ್ಡಿಯಾಗದು. ನಾಚಿಕೆಪಡಲು ನೀನೇನೂ ಕಳ್ಳತನ ಮಾಡಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾರ ಎತ್ತಬೇಡ. ಗಡ್ಡದವನ ಕೈಯಲ್ಲಿ ನಿನಗೆ ಎರಡು ಜೊತೆ ಕಾಲುಚೀಲ ಕೊಟ್ಟಿದ್ದೇನೆ. ಎಲ್ಲಿದ್ದರೂ ನೂರು ಕಾಲ ಬಾಳು.

ನಿನ್ನ,
ಅಕ್ಕ

ತಾಜಾ ಕಲಂ: ಗಡ್ಡದವನು ಕೆಳಗೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನವಳೇ ಬಂದಳು. ನನ್ನ ಮುಖ ನೋಡಿ "ಏನಾಯ್ತು ಅಕ್ಕಾ?" ಎಂದಳು. ನಿನ್ನ ಆಣೆ ಉಳಿಸಿಕೊಳ್ಳಲಾಗಲಿಲ್ಲ, ಎಲ್ಲಾ ಹೇಳಿಬಿಟ್ಟೆ. ಅವಳು ಮೊದಲು ಕೇಳಿದ್ದು, "ಯಾವ ಕಾಲು?" ಎಂದು. ನನಗೂ ಗೊತ್ತಿರಲಿಲ್ಲ. ದೊಡ್ಡ ಸಿಸ್ಟರಿಗೆ ಅವಳೇ ಫೋನ್ ಮಾಡಿದ್ದಾಳೆ, ಗುರುವಾರ ಡಾಕ್ಟರನ್ನು ಕಾಣುತ್ತಾಳೆ. ನಿನಗೆ ಇದೊಂದು ಮಾತು ಬರೆಯಲು ಹೇಳಿದಳು: "ಸೂಜಿ ನಾನೊಬ್ಬಳೇ ಹಾಕಿಸ್ಕೋತೀನಿ. ಉತ್ತರ ಮಾತ್ರ ಒಬ್ಬಳೇ ಕೂತು ಕೇಳಲ್ಲ. ಕುಂಟಿಕೊಂಡಾದ್ರೂ ಬರಬೇಕು."