ಗುರುವಾರದ ಪಾತ್ರೆ

ಬ್ಲೂಮೆನ್‌ಹೋಫ್, ಮ್ಯಾನಿಟೋಬಾ
ಫೆಬ್ರವರಿ 18, 1986, ಮಂಗಳವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಕಡಿಮೆಯಾಯಿತೇ? ದೊಡ್ಡಮ್ಮ ಇನ್ನೂ ರೇಡಿಯೋ ಜೋರಾಗಿ ಹಾಕಿಕೊಂಡೇ ಮಲಗುತ್ತಾಳೆಯೇ? ಈ ಪತ್ರದ ಕೊನೆಯಲ್ಲಿ ನಿನಗೊಂದು ಪ್ರಶ್ನೆ ಇದೆ. ಹಾಳೆ ತಿರುವಿ ಮೊದಲೇ ನೋಡಬೇಡ. ನೋಡೇ ನೋಡುತ್ತೀಯ, ನನಗೆ ಗೊತ್ತು.

ಡೆಲ್ಬರ್ಟ್ ಕೊಟ್ಟಿಗೆಯ ಅಟ್ಟದಿಂದ ಬಿದ್ದು ನಾಲ್ಕು ತಿಂಗಳಾಯಿತು. ಮುಂದಿನ ಕೋಣೆಯ ಮಂಚ, ಅಲ್ಲಿಂದ ಕೋಲೂರಿಕೊಂಡು ಊಟದ ಮೇಜು, ಅಷ್ಟೇ ಅವನ ತಿರುಗಾಟ. ಮತ್ತೆ ಹೊಲಕ್ಕೆ ಇಳಿಯುತ್ತಾನೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ಫೋನಿನಲ್ಲಿ ನಿನಗೆ ಹೇಳದೆ ಮುಚ್ಚಿಟ್ಟ ವಿಷಯ ಬೇರೆ ಇದೆ. ಅವನು ಊಟದ ಪ್ರಾರ್ಥನೆಯನ್ನೇ ನಿಲ್ಲಿಸಿಬಿಟ್ಟಿದ್ದ. ಮೊದಲ ದಿನ ನಾನು ಕೈಜೋಡಿಸಿ ಕಾದೆ. "ನೀನೇ ಹೇಳ್ಕೋ ವರ್ನಾ. ನಂಗೂ ದೇವ್ರಿಗೂ ಸದ್ಯಕ್ಕೆ ಮಾತಿಲ್ಲ," ಎಂದ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವನ ಪ್ರಾರ್ಥನೆ ಇಲ್ಲದೆ ನಾನು ಚಮಚ ಎತ್ತಿದವಳಲ್ಲ. ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಬಾಯಿ ಹೇಳುತ್ತಿತ್ತು, ಮನಸ್ಸು ಹೇಳುತ್ತಿರಲಿಲ್ಲ. ದೇವರು ನಂಬಿಗಸ್ತ ಎಂದು ನೀನು ಪ್ರತಿ ಪತ್ರದಲ್ಲೂ ಬರೆಯುತ್ತೀಯ. ಆ ಸಾಲು ಬಂದಾಗ ನಾನು ಹಾರಿಸಿ ಓದುತ್ತಿದ್ದೆ, ಕ್ಷಮಿಸು.

ಚರ್ಚಿನ ಹೆಂಗಸರು ಊಟ ಕಳಿಸುತ್ತಿದ್ದಾರೆ. ಯಾವ ದಿನ ಯಾರ ಅಡುಗೆ ಎಂಬ ಪಟ್ಟಿ ಈಗ ಎಲ್ವೀನಾಳ ಕೈಯಲ್ಲಿದೆ. ಪಾತ್ರೆಯ ತಳದಲ್ಲಿ ಅಂಟುಪಟ್ಟಿ, ಅದರ ಮೇಲೆ ಹೆಸರು, ಎಲ್ಲ ನಿನ್ನ ಕಾಲದ ಹಾಗೆಯೇ. ಆದರೆ ಗುರುವಾರದ ಪಾತ್ರೆಗೆ ಹೆಸರೇ ಇಲ್ಲ! ನಾನು ಅಂಚೆ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಟವೆಲ್ ಸುತ್ತಿಕೊಂಡು ಕೂತಿರುತ್ತದೆ. ತೊಳೆದು ಅಲ್ಲೇ ಇಟ್ಟರೆ ಮುಂದಿನ ವಾರ ಅದು ಹೋಗಿ ಇನ್ನೊಂದು ಬಂದಿರುತ್ತದೆ. ಎಲ್ವೀನಾಳನ್ನು ಕೇಳಿದೆ. "ಗುರುವಾರ ಖಾಲಿ ಬಿಡು ಅಂದ್ರು ಒಬ್ರು. ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಕಣೇ, ಬಾಯಿ ಬಿಡಿಸ್ಬೇಡ," ಎಂದಳು. ಎಲ್ವೀನಾಳ ಬಾಯಿಂದಲೂ ಹೊರಬೀಳದ ಗುಟ್ಟು ಎಂದರೆ ನೋಡು!

ನನ್ನ ಕುತೂಹಲ ಡೆಲ್ಬರ್ಟ್‌ಗೂ ಅಂಟಿತು. ಹಂದಿಮಾಂಸಕ್ಕೆ ಶಾಜೀರಿಗೆ ಹಾಕುವವರು ಯಾರು, ಎಲೆಕೋಸನ್ನು ಇಷ್ಟು ಸಣ್ಣಗೆ ಹೆಚ್ಚುವವರು ಯಾರು ಎಂದು ಊಟದ ಹೊತ್ತಿಗೆಲ್ಲ ಅದೇ ಚರ್ಚೆ. ಜನವರಿಯಲ್ಲಿ ಹೊಸ ಹಿಮ ಬಿದ್ದ ಗುರುವಾರ ಅವನೇ ಕೋಲೂರಿಕೊಂಡು ಹಿತ್ತಲ ಕಿಟಕಿಯವರೆಗೆ ಬಂದು, "ಬಾ ಬಾ, ಇಲ್ನೋಡು! ಹೆಜ್ಜೆ ಪಕ್ಕ ತೂತು ತೂತು. ನನ್ನ ಥರಾನೇ ಕೋಲು ಹಿಡಿದೋರು!" ಎಂದು ಕೂಗಿದ. ಅಷ್ಟು ದೂರ ಅವನು ನಡೆದದ್ದು ಅಂದೇ ಮೊದಲು.

ಕಳೆದ ಗುರುವಾರ ನಾನು ಅಂಚೆಗೆ ಹೋಗಲಿಲ್ಲ. ಪರದೆಯ ಹಿಂದೆ ಕಳ್ಳಿಯ ಹಾಗೆ ನಿಂತೆ. ಬಂದವಳು ಟೀನಾ ಫ್ರೀಸೆನ್. ಸೊಂಟನೋವಿಗಾಗಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಎದೆಗೆ ಅವಚಿಕೊಂಡ ಪಾತ್ರೆ. ನಾನು ಬಾಗಿಲು ತೆರೆಯಲಿಲ್ಲ ಅಮ್ಮಾ. ನಾಚಿಕೆಯಾಯಿತು.

ಯಾಕೆಂದು ನಿನಗೆ ಗೊತ್ತು. ಆರು ವರ್ಷದ ಹಿಂದೆ ಅವಳ ಮಗ ರೂಬೆನ್ ಕುಡಿದು ಟ್ರಕ್ ಓಡಿಸಿ, ಒಬ್ಬರ ಪ್ರಾಣ ತೆಗೆದು ಜೈಲಿಗೆ ಹೋದಾಗ ಪಟ್ಟಿ ನನ್ನ ಕೈಯಲ್ಲಿತ್ತು. ಟೀನಾ ಒಬ್ಬಳೇ ಇದ್ದಾಳೆ, ಹೆಸರು ಸೇರಿಸು ಎಂದು ನೀನು ಹೇಳಿದೆ. "ಹೆರಿಗೆ, ಆಪರೇಷನ್ನು, ಸಾವು, ಇದಕ್ಕೇ ಪಟ್ಟಿ ಇರೋದು. ಜೈಲಿಗೆಲ್ಲ ಇಲ್ಲಮ್ಮ," ಎಂದೆ ನಾನು. ನೀನು ಆಲೂಗಡ್ಡೆ ಸುಲಿಯುತ್ತಾ ಕೂತೆ.

ನಿನ್ನೆ ಪಾತ್ರೆ ಕೊಡಲು ಅವಳ ಮನೆಗೆ ಹೋದೆ. "ಅವತ್ತು ಪರದೆ ಹಿಂದೆ ಇದ್ದೆ ಅಲ್ವಾ? ಅಲ್ಲಾಡ್ತಿತ್ತು," ಎಂದು ನಕ್ಕಳು. ನನಗೆ ಅಳು ಬಂತು. "ನಿನ್ನ ಕಷ್ಟಕ್ಕೆ ನಾನು ಬರ್ಲಿಲ್ಲ, ನೀನ್ಯಾಕೆ ಬಂದೆ?" ಎಂದು ಕೇಳಿದೆ.

"ನೀನು ಬರ್ಲಿಲ್ಲ, ನಿಜ. ನಿನ್ಮೇಲೂ ಸಿಟ್ಟಿತ್ತು, ದೇವರ ಮೇಲೂ ಸಿಟ್ಟಿತ್ತು," ಎಂದಳು. "ಗುರುವಾರ ಗುರುವಾರ ಜೈಲಿಗೆ ಹೋಗಿ ರೂಬೆನ್‌ನ ನೋಡ್ಕೊಂಡು ಬರ್ತಿದ್ದೆ. ಬಂದ್ಮೇಲೆ ಒಲೆ ಹಚ್ಚೋಕೆ ಕೈ ಏಳ್ತಿರ್ಲಿಲ್ಲ. ಮೆಟ್ಟಿಲ ಮೇಲೆ ಒಂದು ಪಾತ್ರೆ ಇರ್ತಿತ್ತು. ಇನ್ನೂ ಬಿಸಿ ಇರ್ತಿತ್ತು. ಆ ಚಳಿಗಾಲ ಪೂರ್ತಿ ಒಂದು ವಾರಾನೂ ತಪ್ಪಲಿಲ್ಲ. ಹೆಸರಿಲ್ಲ, ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ದೇವರು ನನ್ನ ಕೈಬಿಟ್ಟಿಲ್ಲ ಅಂತ ನಾನು ನಂಬಿದ್ದು ಹಾಗೆ."

ಹೊರಡುವಾಗ ಬೀರುವಿನಿಂದ ಒಂದು ವಸ್ತು ತೆಗೆದು ತೋರಿಸಿದಳು. ಅದರ ಮಾತು ಆಮೇಲೆ.

ಮನೆಗೆ ಬಂದು ಡೆಲ್ಬರ್ಟ್‌ಗೆ ಎಲ್ಲ ಹೇಳಿದೆ. ಸಂಜೆ ಮೇಜಿಗೆ ಕೂತಾಗ ನಾನು ಎಂದಿನಂತೆ ಬಾಯಿ ತೆರೆದೆ. ಅವನು ನನ್ನ ಕೈ ಹಿಡಿದು ತಡೆದ. "ಸ್ವಾಮಿ, ಟೀನಾ ಸೊಂಟ ನೋಡ್ಕೋ. ನನ್ನ ಬೆನ್ನಿನ ವಿಷಯ ಆಮೇಲೆ ಮಾತಾಡೋಣ. ಆಮೆನ್," ಎಂದ. ಅಮ್ಮಾ, ನಾನು ಊಟ ಮಾಡುತ್ತಾ ಅತ್ತೆ, ಅಳುತ್ತಾ ಎರಡು ಸಲ ಬಡಿಸಿಕೊಂಡೆ.

ನಿನ್ನ ಮಗಳು,
ವರ್ನಾ

ತಾ.ಕ. ಟೀನಾ ತೋರಿಸಿದ್ದು ಆ ಚಳಿಗಾಲದ ಕೊನೆಯ ಪಾತ್ರೆಯನ್ನು. ವಾಪಸು ಒಯ್ಯಲು ಯಾರೂ ಬರಲೇ ಇಲ್ಲವಂತೆ. ನೀಲಿ ಪಾತ್ರೆ, ಮುಚ್ಚಳಕ್ಕೆ ಬೀರುವಿನ ಹಿತ್ತಾಳೆ ಗುಂಡಿ. ನಿನ್ನ ಪಾತ್ರೆಯ ಮುಚ್ಚಳದ ಹಿಡಿ ಮುರಿದಾಗ ಅಪ್ಪ ಕೂರಿಸಿದ್ದು ಅದೇ ಗುಂಡಿಯಲ್ಲವೇ? ದೊಡ್ಡಮ್ಮನ ಊರಿನಲ್ಲೇ ಇರಲು ಹೊರಡುವ ವಾರ, ಅದು ಚರ್ಚಿನ ಊಟದಲ್ಲಿ ಕಳೆದುಹೋಯಿತು ಎಂದೆಯಲ್ಲ! "ಎಲ್ಲರ ಪಾತ್ರೆ ಗುರುತೂ ನಿಂಗೆ ಗೊತ್ತು, ಇದು ಯಾರದ್ದು ಹೇಳು," ಎಂದಳು ಟೀನಾ. ಗೊತ್ತಿಲ್ಲ, ವಿಚಾರಿಸುತ್ತೇನೆ ಎಂದು ತೆಗೆದುಕೊಂಡು ಬಂದೆ. ಒಂದೇ ಪಾತ್ರೆಗೆ ತಾಯಿ ಮಗಳು ಇಬ್ಬರೂ ಸುಳ್ಳು ಹೇಳಿದಂತಾಯಿತು. ಈಗ ನನ್ನ ಪ್ರಶ್ನೆ: ಅದನ್ನು ನಿನಗೆ ಕಳಿಸಲೇ, ನಾನೇ ಇಟ್ಟುಕೊಳ್ಳಲೇ? ಇಟ್ಟುಕೋ ಎನ್ನು. ಮುಂದಿನ ತಿಂಗಳು ಟೀನಾಗೆ ಸೊಂಟದ ಆಪರೇಷನ್. ಅವಳ ಪಟ್ಟಿ ಬರೆಯಲು ನಾನೇ ಕೇಳಿಕೊಂಡೆ. ಗುರುವಾರದ ಎದುರು ಯಾರ ಹೆಸರನ್ನೂ ಹಾಕಿಲ್ಲ.